ಮಣಿಕಟ್ಟು ತಿರುಗಿದ ಸೋಮವಾರ

ನನ್ನ ಕೈಯ ಬೀಸನ್ನು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೋದ ವಾರ ಕಂಪ್ಲಿಯ ಕಬ್ಬಿನ ಗದ್ದೆಯಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬ, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಗಾಳೆಪ್ಪಜ್ಜ, ಈ ವಯಸ್ಸಿನ್ಯಾಗೂ ನಿಮ್ಮ ಕೈ ಭಾಳ ಹಗುರ ಐತಿ ನೋಡ್ರಿ" ಎಂದ. ಮಚ್ಚಿನ ಹಿಡಿಯಿಂದಲೇ ಅವನನ್ನು ಬಡಿಯುವಷ್ಟು ಸಿಟ್ಟು ಬಂತು. "ನಿನ್ನ ಕೆಲಸ ನೀ ನೋಡ್ಲೇ" ಎಂದು ಗದರಿ ಬದುವಿನ ಮೇಲೆ ಹೋಗಿ ಕುಳಿತೆ. ಏನು ತಪ್ಪು ಮಾತಾಡಿದೆನೋ ಎಂದು ಅವನು ಸಂಜೆಯವರೆಗೂ ನನ್ನ ಮುಖ ನೋಡುತ್ತಿದ್ದ. ಅವನಿಗೆ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ಇಪ್ಪತ್ತು ವರ್ಷದ ಮೇಲಾಯಿತು. ಆಗ ನಾನು ಸಂಡೂರು ಗುಡ್ಡದಲ್ಲಿ ಮ್ಯಾಂಗನೀಸ್ ಗಣಿಯೊಂದರಲ್ಲಿ ಸುತ್ತಿಗೆ ಹೊಡೆಯುತ್ತಿದ್ದೆ. ದೊಡ್ಡ ಕಂಪನಿಯ ಗಣಿ ಅಲ್ಲ, ಮದರಾಸಿನ ಮೂವರು ಸೇರಿ ಗುತ್ತಿಗೆ ಹಿಡಿದ ಸಣ್ಣ ಗಣಿ. ಈಗ ಅದು ಮುಚ್ಚಿಹೋಗಿದೆ. ಬಂಡೆಯಲ್ಲಿ ಮದ್ದು ತುಂಬಲು ಮೊಳದುದ್ದದ ಕುಳಿ ಕೊರೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬ ಉದ್ದನೆಯ ಕಬ್ಬಿಣದ ಉಳಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಕೂರುತ್ತಾನೆ. ಇನ್ನೊಬ್ಬ ನಿಂತು ಅದರ ತಲೆಯ ಮೇಲೆ ಸುತ್ತಿಗೆ ಹೊಡೆಯುತ್ತಾನೆ. ಹೊಡೆಯುವವ ನಾನು. ಹಿಡಿಯುವವ ಓಬಳೇಶ, ನನ್ನ ಹೆಂಡತಿ ಸುಂಕಮ್ಮನ ತಮ್ಮ.

ಹೆಂಡತಿಯ ತಮ್ಮನೇ ಯಾಕೆ ಎಂದು ಕೇಳಬಹುದು. ನಮ್ಮವರಲ್ಲಿ ಅದೇ ಪದ್ಧತಿ. ಹೆಣ್ಣು ಕೊಟ್ಟ ಮನೆಯವರೇ ಉಳಿ ಹಿಡಿಯಬೇಕು. ಕೆಳಗಿರುವ ಕೈ ಹೆಂಡತಿಯ ಒಡಹುಟ್ಟಿದವನದು ಎಂಬ ಎಚ್ಚರ ಇದ್ದರೆ ಸುತ್ತಿಗೆ ತಪ್ಪುವುದಿಲ್ಲ, ತಪ್ಪಿದರೆ ಸಂಜೆ ಯಾವ ಮುಖ ಹೊತ್ತು ಮನೆಗೆ ಹೋಗುತ್ತೀ, ಇದು ಹಿರಿಯರ ಲೆಕ್ಕಾಚಾರ. ಅಪರಿಚಿತನಿಗೆ ಉಳಿ ಹಿಡಿ ಎಂದರೆ ನಮ್ಮಲ್ಲಿ ಯಾರೂ ಹಿಡಿಯುತ್ತಿರಲಿಲ್ಲ. ಓಬಳೇಶ ನನಗೆ ಹನ್ನೊಂದು ವರ್ಷ ಹಿಡಿದಿದ್ದ.

ಸುತ್ತಿಗೆ ಹೊಡೆಯುವುದು ತೋಳಿನ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ತೋಳಲ್ಲಿ ಏನೂ ಇಲ್ಲ. ಎತ್ತುವಾಗ ಬಲಗೈ ಹಿಡಿಯ ಮೇಲೆ ಜಾರಿ ಸುತ್ತಿಗೆಯ ತಲೆಯ ಹತ್ತಿರ ಹೋಗುತ್ತದೆ, ಇಳಿಸುವಾಗ ಹಿಂದೆ ಬಂದು ಎಡಗೈಯನ್ನು ಸೇರುತ್ತದೆ. ಮೇಲೆ ಹೋದಾಗ ಎರಡೂ ಮಣಿಕಟ್ಟು ಮಡಿಚಿಕೊಳ್ಳುತ್ತವೆ. ಇಳಿಯುವಾಗಲೂ ಮುಕ್ಕಾಲು ದಾರಿ ಹಾಗೇ ಮಡಿಚಿಕೊಂಡಿರಬೇಕು, ಕೊನೆಯ ಗೇಣಿನಲ್ಲಿ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ಏಟಿನಲ್ಲಿ ದಮ್ಮಿರುವುದಿಲ್ಲ. ಬಿಚ್ಚಿದ ಮೇಲೆ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು, ಎಡಕ್ಕೂ ಬಲಕ್ಕೂ ಎಳ್ಳಷ್ಟೂ ತಿರುಗಬಾರದು. ತಿರುಗಿದರೆ ಸುತ್ತಿಗೆಯ ಮುಖ ಓರೆಯಾಗಿ ಉಳಿಯ ತಲೆಯಿಂದ ಜಾರುತ್ತದೆ. ಕೆಳಗೆ ಮನುಷ್ಯನ ಕೈ ಇರುತ್ತದೆ.

ಹಿಡಿಯುವವನಿಗೂ ಒಂದು ನೇಮ ಇತ್ತು. ಅವನು ಉಳಿಯನ್ನೂ ನೋಡುವುದಿಲ್ಲ, ಸುತ್ತಿಗೆಯನ್ನೂ ನೋಡುವುದಿಲ್ಲ. ಹೊಡೆಯುವವನ ಮಣಿಕಟ್ಟು ನೋಡುತ್ತಾನೆ. ಅದು ನೆಟ್ಟಗಿದ್ದರೆ ಏಟು ನೆಟ್ಟಗೆ. ಏಟು ಬಿದ್ದ ಕೂಡಲೇ ಉಳಿಯನ್ನು ಕಾಲು ಸುತ್ತು ತಿರುಗಿಸಿ "ಹ್ಞಾ" ಎನ್ನುತ್ತಾನೆ. ಆ ದನಿ ಕೇಳಿದ ಮೇಲೆಯೇ ನಾನು ಮತ್ತೆ ಸುತ್ತಿಗೆ ಎತ್ತಬೇಕು. ಹೀಗೆ ದಿನಕ್ಕೆ ಸಾವಿರ ಸಲ. ನನ್ನ ಮಣಿಕಟ್ಟನ್ನು ಓಬಳೇಶ ನೋಡಿದಷ್ಟು ನಾನೂ ನೋಡಿಲ್ಲ.

ಆ ಗಣಿಗೆ ರಿಡೆಲ್ ಎಂಬ ದೊರೆ ಮ್ಯಾನೇಜರಾಗಿ ಬಂದರು. ಎತ್ತರದ ಆಳು, ಕೆಟ್ಟವರಲ್ಲ, ಮಾತು ಕಡಿಮೆ. ಅವರಿಗೆ ಗಾಲ್ಫಿನ ಹುಚ್ಚು. ರಾಮನದುರ್ಗದ ಮೇಲೆ ಹಿಂದೆ ಪಲಟನ್ನಿನವರು ಕವಾಯತು ಮಾಡುತ್ತಿದ್ದ ಒಂದು ಮಟ್ಟಸ ಜಾಗವಿತ್ತು. ಅಲ್ಲಿ ಕಲ್ಲು ಆರಿಸಿ, ಗಿಡಗಂಟಿ ಕಡಿಸಿ, ಆರು ಕಡೆ ನೆಲದಲ್ಲಿ ತಗಡಿನ ಡಬ್ಬಿ ಹೂಳಿಸಿದರು. ಹುಲ್ಲು ನಿಲ್ಲದ ನೆಲ, ಅದಕ್ಕೆ ಡಬ್ಬಿಗಳ ಸುತ್ತ ಮರಳಿಗೆ ಎಣ್ಣೆ ಕಲಸಿ ಹಾಸಿಸಿದರು. ಭಾನುವಾರ ಬಂದರೆ ಆ ಬಿಸಿಲಲ್ಲಿ ಒಬ್ಬರೇ ಒಂದು ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಅಡ್ಡಾಡುವರು. ಹೊಡೆದದ್ದೆಲ್ಲ ಬಲಕ್ಕೆ ಸೊಟ್ಟಗೆ ಹಾರಿ ಪೊದೆಗೆ ಬೀಳುತ್ತಿತ್ತು. ನಾವು ಮರೆಯಲ್ಲಿ ನಿಂತು ನಕ್ಕದ್ದುಂಟು.

ಒಂದು ದಿನ ಅವರು ಗಣಿಯಲ್ಲಿ ಪೈಪು ಸೇದುತ್ತ ನಮ್ಮ ಮುಂದೆ ಒಂದು ತಾಸು ನಿಂತರು. ಬಳ್ಳಾರಿಯಲ್ಲಿ ಕುದುರೆ ಕಾಯುವವನಿಂದ ಕಲಿತ ಕನ್ನಡ ಅವರದು. "ಗಾಳೆಪ್ಪಾ, ನಿನ್ನ ಕೈ ತಡ. ನನ್ನ ಕೈ ಜಲ್ದಿ. ಭಾನುವಾರ ಬಾ, ತೋರಿಸು" ಎಂದರು. ನನಗೆ ಅರ್ಥವಾಗಲಿಲ್ಲ. ಹೋದ ಮೇಲೆ ಆಯಿತು. ಅವರು ಕೋಲನ್ನು ಮೇಲಿಂದ ಇಳಿಸಲು ಶುರು ಮಾಡುವಾಗಲೇ ಮಣಿಕಟ್ಟು ಬಿಚ್ಚಿಬಿಡುತ್ತಿದ್ದರು. ಚೆಂಡಿಗೆ ಬರುವಷ್ಟರಲ್ಲಿ ಕೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ನಾನು ಅವರ ಹಿಂದೆ ನಿಂತು ಎರಡೂ ಮುಂಗೈ ಹಿಡಿದು ತೋರಿಸಿದೆ, "ಇಲ್ಲಿ ತನಕ ಮಡಚ್ರಿ, ಇಲ್ಲಿ ಬಿಡ್ರಿ." ಒಬ್ಬ ಕೂಲಿಯವ ದೊರೆಯ ಕೈ ಹಿಡಿದು ಪಾಠ ಹೇಳುವುದೆಂದರೆ ಏನು ಸಣ್ಣ ಮಾತೇ. ನನ್ನ ಎದೆ ಉಬ್ಬಿಹೋಯಿತು.

ಅವರೂ ನನಗೆ ತಮ್ಮದನ್ನು ಕಲಿಸಿದರು. ನನ್ನ ಬೆರಳುಗಳನ್ನು ಒಂದೊಂದಾಗಿ ಕೋಲಿನ ಮೇಲೆ ಕೂರಿಸಿದರು. ಎಡಗೈಯ ಕೊನೆಯ ಮೂರು ಬೆರಳಲ್ಲಿ ಹಿಡಿತ. ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳನ್ನು ಹತ್ತಿ ಕೂತಿರಬೇಕು, ಎರಡು ಕೈ ಸೇರಿ ಒಂದು ಕೈ ಆಗಬೇಕು. ಬಿಗಿ ಹಿಡಿಯಬಾರದು. ನಾನು ಹೊಡೆದೆ. ಚೆಂಡು ಬಲಕ್ಕೆ ಹೋಯಿತು. ದೊರೆ ತಲೆ ಅಲ್ಲಾಡಿಸಿದರು. ಆ ಕೋಲು ಮರದ್ದು, ಬೀಸುವಾಗ ತಿರುಚಿಕೊಂಡು ಅದರ ಮುಖ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಬೇಕಾದರೆ ಚೆಂಡಿನ ಹತ್ತಿರ ಬಂದಾಗ ಮಣಿಕಟ್ಟು ಹೊರಳಬೇಕು, ಬಲ ಮುಂಗೈ ಎಡ ಮುಂಗೈಯ ಮೇಲೆ ಹಾಯಬೇಕು, ಬಾಗಿಲ ಅಗುಳಿ ತಿರುವಿದ ಹಾಗೆ. ನನ್ನ ಮಣಿಕಟ್ಟು ಹೊರಳುತ್ತಿರಲಿಲ್ಲ. ಹೊರಳಬಾರದೆಂದೇ ಹದಿನಾಲ್ಕು ವರ್ಷ ಅದನ್ನು ಪಳಗಿಸಿದ್ದೆನಲ್ಲ.

ಹಟ ಹಿಡಿದು ಕಲಿತೆ. ಮನೆಯ ಅಂಗಳದಲ್ಲಿ ಕಸಬರಿಗೆ ಹಿಡಿದು ಬೀಸುತ್ತಿದ್ದರೆ ಸುಂಕಮ್ಮ, "ನೆಲ ಗುಡಿಸೂದಾದ್ರ ಗುಡಿಸು, ಗಾಳಿ ಯಾಕ ಗುಡಿಸ್ತಿ" ಎಂದು ನಗುತ್ತಿದ್ದಳು. ಹತ್ತು ಭಾನುವಾರ ಆಯಿತು. ಹನ್ನೊಂದನೆಯದರಲ್ಲಿ ಚೆಂಡು ನೆಟ್ಟಗೆ ಎದ್ದು, ಕೊರಕಲು ದಾಟಿ, ಆಚೆಯ ಗುಡ್ಡದ ಮುಖದವರೆಗೆ ಹೋಯಿತು. ಕೈಗೆ ಏಟಿನ ಭಾರವೇ ತಿಳಿಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಜೀವಮಾನದಲ್ಲಿ ನನಗೆ ಅಂಥ ಸಂತೋಷ ಮತ್ತೆ ಸಿಕ್ಕಿಲ್ಲ. ದೊರೆ ಪೈಪು ತೆಗೆದು, "ಕ್ರಿಸ್ಮಸ್ ಆದ ಮೇಲೆ ಸುತ್ತಿಗೆ ಸಾಕು. ನೀನು ಈ ಮೈದಾನಕ್ಕೆ ಮೇಸ್ತ್ರಿ" ಎಂದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಗಣಿಯಲ್ಲಿ ಕಂಡಕಂಡವರಿಗೆಲ್ಲ ಆ ಚೆಂಡಿನ ಕಥೆ ಹೇಳುತ್ತ ತಿರುಗಿದೆ.

ಆ ವಾರವೇ ಓಬಳೇಶ ಕೆಲಸದ ನಡುವೆ "ಹ್ಞಾ" ಎನ್ನದೆ ಸುಮ್ಮನೆ ಕುಳಿತ. ನಾನು ಸುತ್ತಿಗೆ ಊರಿಕೊಂಡು ನಿಂತೆ.

"ಮಾವ, ನಿನ್ನ ಮಣಿಕಟ್ಟು ಹೊರಳಾಕ ಹತ್ತೈತಿ" ಎಂದ. ಮೆಲ್ಲಗೇ ಹೇಳಿದ್ದ, ನನಗಷ್ಟೇ ಕೇಳುವಂತೆ.

"ಏನ್ ಹೊರಳಾಕ ಹತ್ತೈತಿ?"

"ಏಟು ಬಿದ್ದ ಮ್ಯಾಲೆ ಎಡಕ್ಕ ಹೊರಳತೈತಿ. ಸ್ವಲ್ಪ. ಮೊದ್ಲು ಹಂಗ ಇರಲಿಲ್ಲ. ನೋಡ್ಕೋ."

ಸುತ್ತ ನಾಲ್ಕು ಜೋಡಿ ಕೆಲಸ ಮಾಡುತ್ತಿದ್ದವು. ನಾನು ಎಲ್ಲರಿಗೂ ಕೇಳುವ ಹಾಗೆ, "ಉಳಿ ಹಿಡ್ಯೂದು ನಿನ್ನ ಕೆಲಸ. ನನಗ ಹೊಡ್ಯೂದು ಕಲಿಸಬ್ಯಾಡ. ದೊರೀನೇ ನನ್ನ ಹತ್ರ ಕಲೀತಾನ, ಗೊತ್ತೈತಿಲ್ಲೋ?" ಎಂದೆ. ಯಾರೋ ನಕ್ಕರು. ಓಬಳೇಶ ತಲೆ ತಗ್ಗಿಸಿ ಉಳಿ ತಿರುಗಿಸಿ "ಹ್ಞಾ" ಎಂದ. ಮತ್ತೆ ಆ ಮಾತು ಎತ್ತಲಿಲ್ಲ.

ಅದರ ಮುಂದಿನ ಸೋಮವಾರ. ಹಿಂದಿನ ದಿನ ಮೈದಾನದಲ್ಲಿ ಅರವತ್ತು ಚೆಂಡು ಹೊಡೆದಿದ್ದೆ. ಬೆಳಗಿನ ಮೂರನೇ ಕುಳಿ. ಸುತ್ತಿಗೆ ಇಳಿಯುತ್ತಿರುವಾಗಲೇ ನನಗೆ ತಿಳಿಯಿತು, ಬಲ ಮುಂಗೈ ಎಡದ ಮೇಲೆ ಹಾಯಲು ಹೊರಟಿದೆ ಎಂದು. ತಿಳಿದರೆ ಏನು ಬಂತು, ಇಳಿಯುವ ಸುತ್ತಿಗೆಯನ್ನು ಯಾರು ತಡೆದಾರು. ಉಳಿಯ ತಲೆಗೆ ಸುತ್ತಿಗೆಯ ಅಂಚು ತಾಕಿ, ಜಾರಿ, ಓಬಳೇಶನ ಬಲಗೈಯ ಮೇಲೆ ಬಿತ್ತು. ಅವನು ಕೂಗಲಿಲ್ಲ. ನನ್ನ ಮಣಿಕಟ್ಟನ್ನೇ ನೋಡುತ್ತಿದ್ದವನು ಕಣ್ಣೆತ್ತಿ ನನ್ನ ಮುಖ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ.

ಡೋಲಿಯಲ್ಲಿ ಸಂಡೂರಿಗೆ ಹೊತ್ತೊಯ್ದೆವು. ಡಾಕ್ಟರು ನಡುಬೆರಳು, ಉಂಗುರದ ಬೆರಳು ತೆಗೆದರು. ತೋರುಬೆರಳು ಅರ್ಧ ಉಳಿಯಿತು.

ಮರುದಿನ ಗಣಿಯ ಗುಮಾಸ್ತ ಅಂದಾನಪ್ಪನವರು ವರದಿ ಬರೆಯಲು ಆಸ್ಪತ್ರೆಗೆ ಬಂದರು. ಬಿಗಿ ಮನುಷ್ಯ, ಆದರೆ ನ್ಯಾಯವಂತ. ನಾನು ಗೋಡೆಗೆ ಆತು ನಿಂತಿದ್ದೆ. ಅವರು ಕೇಳಿದ್ದಕ್ಕೆ ಓಬಳೇಶ, "ನನ್ನ ಕೈ ಜಾರಿತ್ರಿ. ಬೆವತಿತ್ತು. ಉಳಿ ವಾಲಿತು" ಎಂದ. ಅಂದಾನಪ್ಪನವರು ನನ್ನ ಕಡೆ ತಿರುಗಿ, "ಏನಪಾ, ಹೌದೇನು?" ಎಂದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನೆಲ ನೋಡಿದೆ. ಅವರು ಅದನ್ನೇ ಹೌದು ಎಂದು ಬರೆದುಕೊಂಡರು.

ಗಣಿಯಲ್ಲಿ ಒಂದು ಕಾನೂನಿತ್ತು. ಇನ್ನೊಬ್ಬರ ತಪ್ಪಿನಿಂದ ಕೈಕಾಲು ಹೋದರೆ ಆ ಮನುಷ್ಯನಿಗೆ ಕಾವಲು ಕೆಲಸ ಕೊಟ್ಟು ಗಣಿಯ ಮನೆಯಲ್ಲೇ ಇರಗೊಡುತ್ತಿದ್ದರು. ತನ್ನದೇ ತಪ್ಪಾದರೆ ಹೆಸರು ಹೊಡೆದುಹಾಕಿ ಹದಿನೈದು ದಿನದಲ್ಲಿ ಮನೆ ಬಿಡಿಸುತ್ತಿದ್ದರು. ತಪ್ಪು ಹೊಡೆಯುವವನದಾದರೆ ಅವನನ್ನು ಅವತ್ತೇ ಓಡಿಸುವರು. ಓಬಳೇಶನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಉಳಿಸಿ ತಾನು ಬೀದಿಗೆ ಬಿದ್ದಿದ್ದ. ನನಗೆ ಇನ್ನು ಒಂದೂವರೆ ತಿಂಗಳಲ್ಲಿ ಮೇಸ್ತ್ರಿ ಕೆಲಸ. ಅವನಿಗೆ ಒಂದೇ ಕೈ, ಮನೆಯಲ್ಲಿ ಹೆಂಡತಿ, ಎರಡು ಕೂಸು.

ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆ ಇಲ್ಲದ ಬಾಳು. ಯಾರಾದರೂ "ಓಬಳೇಶನ ಕೈ ಹೆಂಗ ಜಾರಿತಂತ" ಎಂದು ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಮಣಿಕಟ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತ ಸುಂಕಮ್ಮ ನನ್ನ ಕಡೆ ನೋಡದೆಯೇ, "ಅವನ ಕೈ ಜಾರೂದಿಲ್ಲ" ಎಂದಳು.

ನಾನು ಒಲೆಯ ಕಟ್ಟಿಗೆ ಮುಂದೂಡಿದೆ.

"ಸಣ್ಣಾಂವ ಇದ್ದಾಗಿಂದ ನೋಡೀನಿ. ಹಿಡದದ್ದ ಬಿಡಾಂವಲ್ಲ ಅವ. ಏನಾತು ಹೇಳು."

ಹೇಳಿದೆ. ಗಾಲ್ಫಿನ ಬೀಸು, ಹೊರಳಿದ ಕೈ, ಎಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಕೈಯ ಹಿಟ್ಟು ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದಳು, "ಅವ ನಿನಗ ಮೊದ್ಲ ಹೇಳಿದ್ನೇನು?"

"ಹೇಳಿದ್ದ."

"ನೀ ಏನಂದಿ?"

ನಾನು ಅಂದದ್ದನ್ನು ಅವಳ ಮುಂದೆ ಮತ್ತೆ ಅನ್ನಬೇಕಾಯಿತು. ಸುತ್ತಿಗೆ ಬಿದ್ದದ್ದಕ್ಕಿಂತ ಅದನ್ನು ಹೇಳುವುದೇ ನನಗೆ ಕಷ್ಟವಾಯಿತು. ಅವಳು ಒಲೆಯ ಬೆಂಕಿ ಹಿಂದಕ್ಕೆ ಎಳೆದು, ರೊಟ್ಟಿಯನ್ನು ನನ್ನ ಮುಂದೆ ಇಡದೆ ಎದ್ದುಹೋದಳು. ನಾನು ಹಾಗೇ ದೊರೆಯ ಬಂಗಲೆಗೆ ನಡೆದೆ.

ದೊರೆ ಜಗಲಿಯಲ್ಲಿದ್ದರು. ಅಂದಾನಪ್ಪನವರೂ ಕಾಗದಗಳೊಂದಿಗೆ ಅಲ್ಲೇ ಇದ್ದರು. ನಾನು ಮಾತಿಗೆ ಬಣ್ಣ ಹಚ್ಚಲಿಲ್ಲ. "ಓಬಳೇಶನ ಕೈ ಜಾರಲಿಲ್ರಿ. ನನ್ನ ಮಣಿಕಟ್ಟು ಹೊರಳ್ತು. ನೀವು ಕಲಿಸಿದ ಹೊರಳು" ಎಂದೆ. ಅಂದಾನಪ್ಪನವರು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಕೊನೆಯ ಮಾತಿಗೆ ಬಂದು ತಡವರಿಸಿದರು. "ಹಂಗ ಹೇಳ್ರಿ. ಬಿಡಬ್ಯಾಡ್ರಿ" ಎಂದೆ. ಅವರು ಹೇಳಿದರು.

ದೊರೆಯ ಮುಖ ಕೆಂಪೇರಿತು. "ಆಟ ಬೇರೆ, ಕೆಲಸ ಬೇರೆ. ಹದಿನಾಲ್ಕು ವರ್ಷದ ಕೈ. ಹತ್ತು ಭಾನುವಾರಕ್ಕೆ ಕೆಡುವುದಿಲ್ಲ" ಎಂದರು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅಂದಾನಪ್ಪನವರು, "ನೀ ನಿನ್ನ ಹೆಂಡ್ತಿ ತಮ್ಮನ್ನ ಉಳಿಸಾಕ ಕಥಿ ಕಟ್ಟಾಕ ಹತ್ತೀ ಅಂತಾರ. ಖರೇ ಇದ್ರ ಮಾಡಿ ತೋರಿಸು ಅಂತಾರ" ಎಂದರು.

ಬಂಗಲೆಯ ಹಿಂದೆ ಬಂಡೆಯೊಂದಿತ್ತು. ಅದರ ಬಿರುಕಿನಲ್ಲಿ ಉಳಿ ನೆಟ್ಟರು. ನನ್ನ ಕೈಗೆ ಸುತ್ತಿಗೆ ಕೊಟ್ಟರು. ಗಣಿಯಿಂದ ಹತ್ತಿಪ್ಪತ್ತು ಜನ ಬಂದು ಸುತ್ತ ನಿಂತರು. ನಾನು ಹೊಡೆದೆ. ನೆಟ್ಟಗೆ ಬಿತ್ತು. ಮತ್ತೆ ಹೊಡೆದೆ, ಮತ್ತೆ ನೆಟ್ಟಗೆ. ಬೇಕೆಂದೇ ಹೊರಳಿಸಲು ನೋಡಿದೆ, ಆ ಹಾಳು ಮಣಿಕಟ್ಟು ಹೊರಳಲಿಲ್ಲ. ಹನ್ನೆರಡು ಏಟು, ಹನ್ನೆರಡೂ ಉಳಿಯ ತಲೆಯ ನಡುಮಧ್ಯಕ್ಕೆ. ಬೇಡವೆಂದಾಗ ಹೊರಳಿ ಮನುಷ್ಯನ ಬೆರಳು ತಿಂದದ್ದು, ಬೇಕೆಂದಾಗ ಸಾಧುವಿನ ಹಾಗೆ ನಿಂತುಬಿಟ್ಟಿತು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

ದೊರೆ ಕೈಯೆತ್ತಿ, "ಸಾಕು. ಕೈ ಸರಿ ಇದೆ. ವರದಿ ಹಾಗೇ ಇರಲಿ" ಎಂದರು. ಅಂದಾನಪ್ಪನವರು ಕಾಗದ ಮಡಿಚಿದರು.

ಆಗ ಜನ ಸರಿದು ದಾರಿ ಬಿಟ್ಟರು. ಹಿಂದಿನ ಸಂಜೆಯಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಓಬಳೇಶನನ್ನು ಸುಂಕಮ್ಮ ಕರೆದುಕೊಂಡು ಬಂದಿದ್ದಳು. ಅವನ ಬಲಗೈ ಕಟ್ಟು ಕಟ್ಟಿಕೊಂಡು ಎದೆಗೆ ತೂಗುತ್ತಿತ್ತು. ಮುಖ ಬಾಡಿತ್ತು. ಅವನು ಯಾರನ್ನೂ ಮಾತಾಡಿಸದೆ ಬಂಡೆಯ ಹತ್ತಿರ ಹೋಗಿ, ಯಾವಾಗಲೂ ಕೂರುವ ಹಾಗೆ ಮಂಡಿ ಮಡಿಚಿ ಕುಳಿತ. ಬಿರುಕಿನಿಂದ ಉಳಿ ಕಿತ್ತು, ಬಂಡೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಉಳಿದಿದ್ದ ಎಡಗೈಯಿಂದ ಹಿಡಿದ.

"ಏ, ಬ್ಯಾಡೋ" ಎಂದೆ.

"ಖಾಲಿ ಉಳಿಗೆ ಹೊಡದ್ರ ಏನ್ ಗೊತ್ತಾಕ್ಕೈತಿ ಮಾವ. ಕೈ ಇರಬೇಕು. ಹೊಡಿ."

"ಓಬಳೇಶ, ಎದ್ದೇಳು."

"ಹೊಡಿ. ನಾ ನೋಡ್ತೀನಿ." ಕಣ್ಣನ್ನು ನನ್ನ ಮಣಿಕಟ್ಟಿಗೆ ಇಟ್ಟ. ಆಮೇಲೆ "ಹ್ಞಾ" ಎಂದ.

ಸುಂಕಮ್ಮನನ್ನು ನೋಡಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಬೇಡ ಎನ್ನಲಿಲ್ಲ. ದೊರೆಯೂ ತಡೆಯಲಿಲ್ಲ. ನನಗೆ ಆ ದನಿ ಕೇಳಿದರೆ ಸುತ್ತಿಗೆ ಎತ್ತಿಯೇ ರೂಢಿ, ಎತ್ತಿದೆ. ಮೇಲೆ ಹೋದಾಗ ಮಣಿಕಟ್ಟು ಮಡಿಚಿತು. ಕೆಳಗೆ ಅವನ ಒಂದೇ ಕೈ ಕಂಡಿತು, ಐದು ಬೆರಳೂ ಇರುವ ಕೈ. ಸುತ್ತಿಗೆ ಇಳಿಯತೊಡಗಿತು. ಅರ್ಧ ದಾರಿಯಲ್ಲಿ ನನಗೆ ಗೊತ್ತಾಯಿತು, ಬಲ ಮುಂಗೈ ಎಡದ ಮೇಲೆ ಏರುತ್ತಿದೆ. ಸೋಮವಾರ ಬಂದ ಹಾಗೇ ಬಂತು.

ಎರಡೂ ಕೈ ಬಿಟ್ಟುಬಿಟ್ಟೆ. ಸುತ್ತಿಗೆ ಎಡಕ್ಕೆ ಹಾರಿ ಓಬಳೇಶನ ಹೆಗಲ ಪಕ್ಕದಿಂದ ಹೋಗಿ ಹತ್ತು ಮಾರು ದೂರ ಬಿತ್ತು. ಅವನು ಕಣ್ಣು ಮಿಟುಕಿಸಲಿಲ್ಲ. ಉಳಿ ಹಿಡಿದ ಕೈ ಅಲುಗಲಿಲ್ಲ. ನಾನು ಅಲ್ಲೇ ಕುಸಿದು ಕುಳಿತು, ಎಲ್ಲರ ಮುಂದೆ, ಹೆಂಗಸರ ಮುಂದೆ, ಅತ್ತೆ.

ದೊರೆ ಮೆಟ್ಟಿಲಿಳಿದು ಬಂದರು. ಬಿಳಿಚಿಕೊಂಡಿದ್ದರು. ಸುತ್ತಿಗೆ ಬಿದ್ದ ಜಾಗವನ್ನು ಒಂದು ಸಲ ನೋಡಿದರು, ಆಮೇಲೆ ನನ್ನ ಕೈಗಳನ್ನು. ಆ ಹೊರಳನ್ನು ಅವರಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ಹತ್ತು ಭಾನುವಾರ ನನ್ನ ಮುಂಗೈಗಳನ್ನು ತಾವೇ ಹಿಡಿದು ತಿರುಗಿಸಿ ಕೂರಿಸಿದ್ದು ಅದು.

"ಅದು ನನ್ನದು" ಎಂದರು ಕನ್ನಡದಲ್ಲೇ.

ಓಬಳೇಶನ ಮುಂದೆ ನಿಂತು, "ನೀನು ನೋಡಿದ್ದೆ. ಕೈ ಜಾರಿತು ಎಂದು ಯಾಕೆ ಹೇಳಿದೆ?" ಎಂದು ಕೇಳಿದರು.

"ನಮ್ಮಕ್ಕನ ಗಂಡ ಅದಾನ್ರಿ" ಎಂದ ಓಬಳೇಶ. "ಹನ್ನೊಂದು ವರ್ಷ ಆ ಮುಂಗೈ ನನ್ನ ಕೈ ಉಳಿಸೈತಿ. ಒಂದಿನ ತಪ್ಪಿದ್ದಕ್ಕ ಅದರ ಮ್ಯಾಲೆ ಹೆಂಗ ಚಾಡಿ ಹೇಳ್ಲಿ" ಎಂದ.

ಅಂದಾನಪ್ಪನವರು ಕಾಗದ ಬಿಚ್ಚಿದರು. ದೊರೆ ಹೇಳಿದ ಹಾಗೆ ಬರೆದರು: ತಪ್ಪು ಹೊಡೆಯುವವನದು. ಕಾರಣ ಏನೆಂದು ಬರೆಯಲಿ ಎಂದು ಕೇಳಿದಾಗ ದೊರೆ, "ಅಭ್ಯಾಸ ಎಂದು ಬರಿ" ಎಂದರು. ಅಭ್ಯಾಸವಂತೆ. ಯಾರು ಮಾಡಿಸಿದ ಅಭ್ಯಾಸ ಎಂದು ಕೇಳುವ ಧೈರ್ಯ ಅಂದಾನಪ್ಪನವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಆದರೂ ಅವರ ಮೇಲೆ ನನಗೆ ಹಗೆ ಇಲ್ಲ. ಜನರ ಮುಂದೆ ಅಷ್ಟಾದರೂ ಬಾಯಿ ಬಿಟ್ಟರು. ಎಚ್ಚರಿಸಿದವನ ಬಾಯಿ ಮುಚ್ಚಿಸಿದವನು ನಾನು, ಅವರಲ್ಲ.

ಓಬಳೇಶನಿಗೆ ಮದ್ದಿನ ಕೋಠಿಯ ಕಾವಲು ಸಿಕ್ಕಿತು. ಮನೆ ಉಳಿಯಿತು. ನನ್ನನ್ನು ಕಾನೂನಿನ ಪ್ರಕಾರ ಅವತ್ತೇ ಗಣಿಯಿಂದ ತೆಗೆದರು, ಓಬಳೇಶನ ಕಟ್ಟು ಬಿಚ್ಚುವವರೆಗೆ ಮನೆಯಲ್ಲಿ ಮಾತ್ರ ಇರಗೊಟ್ಟರು. ದೊರೆ ಹೇಳಿ ಕಳಿಸಿದ್ದರು, ಮೈದಾನ ಗಣಿಗೆ ಸೇರಿದ್ದಲ್ಲ, ತಮ್ಮ ಸ್ವಂತದ್ದು, ಮೇಸ್ತ್ರಿ ಕೆಲಸ ಬೇಕಾದರೆ ಈಗಲೂ ಇದೆ ಎಂದು. ನಾನು ಹೋಗಲಿಲ್ಲ. ಕಂಪ್ಲಿಯಲ್ಲಿ ಸುಂಕಮ್ಮನ ಚಿಕ್ಕಮ್ಮನ ಮನೆಯಿತ್ತು, ಹೊಳೆ ನೀರಿನ ಗದ್ದೆಗಳಲ್ಲಿ ಕೂಲಿ ಸಿಗುತ್ತಿತ್ತು. ಅಲ್ಲಿಗೆ ಹೊರಟೆವು. ಗಂಟುಮೂಟೆ ಬಂಡಿಗೆ ಹೇರುವವರೆಗೂ ಸುಂಕಮ್ಮ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಹೊಸಪೇಟೆಯವರೆಗೆ ಬಂಡಿ, ಮುಂದೆ ಕಂಪ್ಲಿಗೆ ಮತ್ತೊಂದು. ಓಬಳೇಶ ಗುಡ್ಡದ ಬುಡದವರೆಗೆ ನಮ್ಮ ಜೊತೆ ನಡೆದು ಬಂದ. ಕಟ್ಟು ಬಿಚ್ಚಿ ಎರಡು ದಿನವಾಗಿತ್ತು. ಆ ಕೈಯನ್ನು ಅವನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡಿದ್ದ, ನಾನೂ ಆ ಕಡೆ ನೋಡದೆ ದೂರ ದೂರವೇ ನಡೆಯುತ್ತಿದ್ದೆ. ಆ ಸೋಮವಾರದಿಂದ ನಾನು ಅವನನ್ನು ಮುಟ್ಟಿರಲಿಲ್ಲ. ಮುಟ್ಟುವ ಯೋಗ್ಯತೆ ನನಗಿಲ್ಲ ಎಂದೇ ಅಂದುಕೊಂಡಿದ್ದೆ.

ಬಂಡಿ ನಿಂತಿತು. ಸುಂಕಮ್ಮ ತಮ್ಮನ ತಲೆ ನೇವರಿಸಿ ಹತ್ತಿ ಕುಳಿತಳು. ನಾನು ಹತ್ತಲು ಹೋದಾಗ ಅವನು ಆ ಬಲಗೈಯನ್ನು ಹೊರತೆಗೆದು ನನ್ನ ಮುಂದೆ ಚಾಚಿದ.

"ಹಿಡಿ ಮಾವ" ಎಂದ.

ನನಗೆ ಕೈ ಏಳಲಿಲ್ಲ. ಅವನು ಚಾಚಿದವನು ಹಾಗೇ ನಿಂತಿದ್ದ. ಕಡೆಗೆ ಎರಡೂ ಕೈಯಿಂದ ಹಿಡಿದೆ. ಚರ್ಮ ಇನ್ನೂ ಎಳೆಯದಿತ್ತು, ಬೆರಳಿದ್ದ ಕಡೆ ಬರೀ ಗಂಟು. ಅವನು ಇದ್ದ ಹೆಬ್ಬೆರಳು ಕಿರುಬೆರಳಿನಿಂದಲೇ ನನ್ನ ಕೈಯನ್ನು ಬಿಗಿಯಾಗಿ ಅದುಮಿದ. ನೋವಾಗುತ್ತಿತ್ತೆಂದು ಅವನ ಮುಖದಲ್ಲೇ ಕಾಣುತ್ತಿತ್ತು, ಆದರೂ ಸಡಿಲಿಸಲಿಲ್ಲ.

"ನೋಡು, ಹಿಡಿತ ಇನ್ನೂ ಐತಿ" ಎಂದ. "ಅಕ್ಕನ್ನ ಚಲೋ ನೋಡ್ಕೋ."

ಬಂಡಿಯವನು ಎರಡು ಸಲ ಕರೆದ. ನಾನು ಬಿಡಲಿಲ್ಲ. ಕೊನೆಗೆ ಸುಂಕಮ್ಮನೇ ಇಳಿದು ಬಂದು, ನಮ್ಮ ಕೈಗಳ ಮೇಲೆ ತನ್ನ ಕೈ ಇಟ್ಟು, "ಬಿಡು, ಅವನಿಗೆ ನೋವಾಕ್ಕೈತಿ" ಎಂದಳು. ಆ ಶುಕ್ರವಾರದಿಂದ ಹದಿನೇಳು ದಿನದಲ್ಲಿ ನನ್ನ ಮೇಲೆ ಸಿಟ್ಟಿಲ್ಲದೆ ಅವಳು ಆಡಿದ ಮೊದಲ ಮಾತು ಅದು.